ಕಚೇರಿ ಕಾಗದದ ಬಾಸಿಂಗ

ಗಂಡಸರ ಹವ್ಯಾಸಗಳಲ್ಲಿ ಮನೆಯ ಹೊರಗೆ ನಡೆಯುವಂಥವು ಇವೆ, ಮನೆಯ ಒಳಗೆ ನಡೆಯುವಂಥವೂ ಇವೆ. ಹೊರಗೆ ನಡೆಯುವಂಥವು ಎಷ್ಟೇ ಕೆಟ್ಟವಿದ್ದರೂ ಹೆಂಗಸರು ಹೇಗೋ ಸಹಿಸಿಕೊಳ್ಳುತ್ತಾರೆ. ಚಾವಡಿಯಲ್ಲಿ ಕೂತು ಹೊತ್ತು ಮುಳುಗುವವರೆಗೆ ಪಗಡೆಯಾಡಿ ಬಂದವನ ಹೆಂಡತಿ ಒಂದಿಷ್ಟು ಗೊಣಗುತ್ತಾಳೆ, ಆಮೇಲೆ ರೊಟ್ಟಿ ಬಡಿಯುತ್ತಾಳೆ. ಆದರೆ ನೀವು ಒಂದು ದೊಡ್ಡ ಬಾನಿಯಲ್ಲಿ ನೀರು ತುಂಬಿ, ಅದರಲ್ಲಿ ಹರಿದ ಕಾಗದ ನೆನೆಹಾಕಿ, ಪಡಸಾಲೆಯ ಮೂಲೆಯಲ್ಲಿಟ್ಟು ದಿನವೂ ಮುಚ್ಚಳ ತೆಗೆದು ಮೂಸಿ ನೋಡುವವರಾಗಿದ್ದರೆ, ಊರಿನಲ್ಲಿ ನಿಮ್ಮ ಹೆಂಡತಿಯಷ್ಟು ಕನಿಕರಕ್ಕೆ ಪಾತ್ರಳಾದವಳು ಬೇರೊಬ್ಬಳಿರುವುದಿಲ್ಲ. ನನ್ನ ಹೆಂಡತಿ ನೀಲಮ್ಮ ಆ ಕನಿಕರವನ್ನು ಬ್ರಹ್ಮಪುರದ ಓಣಿಯ ತುಂಬ ಬೇಕಾದಷ್ಟು ಪಡೆದವಳು.

ಆಗ ನಮ್ಮ ಸೀಮೆಯೆಲ್ಲ ನಿಜಾಮರ ಆಳಿಕೆಯಲ್ಲಿತ್ತು. ಸರಕಾರದ ಬಾಯಲ್ಲಿ ಗುಲ್ಬರ್ಗಾ, ನಮ್ಮ ಬಾಯಲ್ಲಿ ಕಲಬುರ್ಗಿ ಆಗಿದ್ದ ಊರಿನ ಬ್ರಹ್ಮಪುರದಲ್ಲಿ ನಮ್ಮ ಮನೆ. ಅಲ್ಲಿಯ ಕಚೇರಿಯೊಂದರಲ್ಲಿ ನಾನು ಮುನ್ಶಿ. ಉರ್ದುವಿನಲ್ಲಿ ಬರೆದ ಹುಕುಮುಗಳನ್ನು ದುಂಡಗೆ ನಕಲು ತೆಗೆಯುವುದು ನನ್ನ ಕೆಲಸ. ನನಗೆ ಹುಕುಮುಗಳ ಮೇಲೆ ಅಂಥ ಮೋಹವೇನಿರಲಿಲ್ಲ. ಮೋಹವಿದ್ದದ್ದು ಕಾಗದದ ಮೇಲೆ. ಔರಂಗಾಬಾದಿನ ಕಡೆಯಿಂದ ಬರುತ್ತಿದ್ದ ಆ ಕೈಕಾಗದ ಎಷ್ಟು ದಪ್ಪ, ಎಷ್ಟು ನುಣುಪು! ಬೆರಳಿನಿಂದ ಸವರಿದರೆ ಹೊಸ ಕರುವಿನ ಕಿವಿ ಮುಟ್ಟಿದ ಹಾಗೆ. ಒಂದು ಹನಿ ಮಸಿ ಬಿದ್ದು ನಕಲು ಕೆಟ್ಟರೆ ಅಂಥ ಹಾಳೆಯನ್ನು ಮುದ್ದೆ ಮಾಡಿ ಮೂಲೆಗೆಸೆಯುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಕೊನೆಗೊಮ್ಮೆ ಧೈರ್ಯ ಮಾಡಿ ನನ್ನ ಮೇಲಿನ ಪೇಶ್ಕಾರ ಸಾಹೇಬರನ್ನು, ಈ ರದ್ದಿಯನ್ನು ಮನೆಗೆ ಒಯ್ಯಲೇ ಎಂದು ಕೇಳಿದೆ. ಅವರು ಎಲೆಯಡಿಕೆ ತುಂಬಿದ ಬಾಯಲ್ಲೇ ನಕ್ಕು, "ಲೇಕೆ ಜಾವ್ ಮುನ್ಶೀಜಿ, ಇಲಿ ತಿನ್ನೂದು ನೀವ್ ತಿನ್ರಿ" ಎಂದು ಅಪ್ಪಣೆ ಕೊಟ್ಟರು. ನನ್ನ ಜೀವನದಲ್ಲಿ ಸರಕಾರದಿಂದ ನನಗೆ ಸಿಕ್ಕ ಅತಿ ದೊಡ್ಡ ಇನಾಮು ಅದೇ.

ಕಾಗದವನ್ನು ನೆನೆಸಿ, ಕುಟ್ಟಿ, ಮೆಂತ್ಯದ ಹಿಟ್ಟು ಕಲಸಿ, ಬೋರಲು ಹಾಕಿದ ಗಡಿಗೆಯ ಮೇಲೆ ತಟ್ಟಿ ಒಣಗಿಸಿದರೆ ಬುಟ್ಟಿಯಾಗುತ್ತದೆ. ಇದು ನಮ್ಮ ಕಡೆಯ ಹೆಂಗಸರೆಲ್ಲ ಬಲ್ಲ ವಿದ್ಯೆ. ನನ್ನ ತಾಯಿ ಇಂಥ ಬುಟ್ಟಿಗಳಲ್ಲೇ ಮೆಣಸಿನಕಾಯಿಯಿಂದ ಹಿಡಿದು ಮಕ್ಕಳ ಅಂಗಿಯವರೆಗೆ ಎಲ್ಲವನ್ನೂ ಇಡುತ್ತಿದ್ದಳು. ನಾನೂ ಅಷ್ಟಕ್ಕೇ ನಿಂತಿದ್ದರೆ ಯಾರ ತಂಟೆಯೂ ಇರುತ್ತಿರಲಿಲ್ಲ. ಆದರೆ ಕಾಗದಕ್ಕೆ ಬರೀ ಮೆಂತ್ಯವೇ ಏಕೆ, ಬೇರೆ ಏನೇನನ್ನು ಜೊತೆಗೂಡಿಸಬಹುದು ಎಂಬ ಯೋಚನೆ ನನ್ನ ತಲೆಯೊಳಗೆ ಹೊಕ್ಕಿತು. ಮೊದಲು ಹತ್ತಿ ಬೆರೆಸಿ ತಟ್ಟೆ ಮಾಡಿದೆ. ಒಣಗಿದ ಮೇಲೆ ಅದು ತಟ್ಟೆಯೋ ತಲೆದಿಂಬೋ ಎಂದು ಹೇಳಲು ಬಾರದಾಯಿತು. ಬೆಲ್ಲದ ಪಾಕ ಹಾಕಿದರೆ ಗಟ್ಟಿಯಾದೀತೆಂದು ಹಾಕಿದೆ. ಗಟ್ಟಿಯೇನೋ ಆಯಿತು, ಆದರೆ ಓಣಿಯ ಇರುವೆಗಳೆಲ್ಲ ಸಾಲುಗಟ್ಟಿ ಬಂದು ನನ್ನ ಕಲೆಯನ್ನು ಮೆಚ್ಚಿ ಹೊತ್ತುಕೊಂಡು ಹೋದವು. ಇಟ್ಟಿಗೆಯ ಪುಡಿ ಬೆರೆಸಿ ಮಾಡಿದ ಎಲೆಯಡಿಕೆ ಡಬ್ಬಿ ಕಲ್ಲಿನಷ್ಟು ಭಾರವಾಯಿತು. ಹಿತ್ತಲ ಬಾಗಿಲು ಗಾಳಿಗೆ ಬಡಿದುಕೊಳ್ಳದಿರಲೆಂದು ನೀಲಮ್ಮ ಅದನ್ನು ಬಾಗಿಲಿಗೆ ಆನಿಸಿಟ್ಟಳು. ಒಂದು ದಿನ ಪಕ್ಕದ ಮನೆಯ ಕಾಶೀಬಾಯಿ ಮೂಗಿಗೆ ಸೆರಗು ಹಿಡಿದುಕೊಂಡು ಬಂದು, "ನೀಲಮ್ಮಾ, ನಿಮ್ಮ ಮನ್ಯಾಗ ಏನರ ಸತ್ತದೇನವ್ವ?" ಎಂದು ಕೇಳಿದರು.

"ಏನೂ ಸತ್ತಿಲ್ರಿ ಕಾಶೀಬಾಯಿ. ನಮ್ಮನಿಯವರು ಬುಟ್ಟಿ ಮಾಡಾಕತ್ತಾರ."

"ಹಂಗಾರ ಸತ್ತದ್ದೇ ಛಲೋ ಇತ್ತು. ಎತ್ತಿ ಒಗದ್ರ ಮುಗೀತಿತ್ತು" ಎಂದು ಅವರು ಹೋದರು.

ನನಗೆ ದಾರಿ ತೋರಿಸಿದ್ದು ಕಮಲಾಪುರ. ಅದು ನೀಲಮ್ಮನ ತವರು. ಕೆಂಪು ಬಾಳೆಗೆ ಹೆಸರಾದ ಊರು. ಮಾವನ ತೋಟದಲ್ಲಿ ಗೊನೆ ಕಡಿದ ಮೇಲೆ ಬಾಳೆಯ ದಿಂಡುಗಳು ರಾಶಿ ಬಿದ್ದಿರುತ್ತಿದ್ದವು. ಒಂದು ಸಲ ಹೋದಾಗ, ಕೊಳೆತ ದಿಂಡೊಂದನ್ನು ಕಾಲಿನಿಂದ ಸರಿಸಲು ನೋಡಿದರೆ ಅದರ ನಾರು ನನ್ನ ಹೆಬ್ಬೆರಳಿಗೆ ಸುತ್ತಿಕೊಂಡಿತು. ಎಳೆದೆ, ಹರಿಯಲಿಲ್ಲ. ಜಗ್ಗಿದೆ, ನಾನೇ ಬಿದ್ದೆ. ಬಿದ್ದಲ್ಲಿಯೇ ನನಗೆ ಜ್ಞಾನೋದಯವಾಯಿತು. ಒಂದು ಗೋಣಿಚೀಲದ ತುಂಬ ನಾರು ತುಂಬಿಸಿಕೊಂಡು ಕಲಬುರ್ಗಿಗೆ ತಂದೆ. ಕಾಗದದ ಮುದ್ದೆಯೊಳಗೆ ಆ ನಾರನ್ನು ಸಣ್ಣಗೆ ಕತ್ತರಿಸಿ ಸೇರಿಸಿದೆ. ಹುಣಸೆ ಬೀಜ ಹುರಿದು, ಬೀಸಿ, ಕುದಿಸಿ ಅಂಟು ಮಾಡಿದೆ. ಹುಳ ಹಿಡಿಯದಿರಲೆಂದು ಪುಸ್ತಕ ಕಟ್ಟುವವರು ಮಾಡುವ ಹಾಗೆ ಅಂಟಿಗೆ ಚಿಟಿಕೆ ಮೈಲುತುತ್ತವನ್ನೂ ಬೆರೆಸಿದೆ. ಮೇಲೆ ಕೈಕಾಗದದ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿದೆ. ಹೀಗೆ ಮಾಡಿದ ಪೆಟ್ಟಿಗೆ ಒಣಗಿದ ಮೇಲೆ ನಾನು ಅದರ ಮೇಲೆ ಹತ್ತಿ ನಿಂತೆ. ಪೆಟ್ಟಿಗೆ ಜಪ್ಪೆನ್ನಲಿಲ್ಲ. ನೀಲಮ್ಮ ಬಂದು ನೋಡಿ, ತಾನೂ ಹತ್ತಿ ನಿಂತಳು. ಗಂಡ ಹೆಂಡಿರು ಕಾಗದದ ಪೆಟ್ಟಿಗೆಯ ಮೇಲೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಆ ದಿನದಿಂದ ಬಾನಿಯ ವಾಸನೆಯ ವಿಷಯದಲ್ಲಿ ಆಕೆ ನನ್ನ ಪಕ್ಷ.

ಒಂದೇ ಒಂದು ಕೊರತೆ ಉಳಿದಿತ್ತು. ನಮ್ಮ ಕಚೇರಿಯ ಮಸಿ ಬಹಳ ಹಟಮಾರಿ. ಎಷ್ಟು ಅಂಟು ಬಳಿದರೂ ಪಟ್ಟಿಗಳ ಮೇಲಿನ ಉರ್ದು ಅಕ್ಷರಗಳು ಮಾಸುತ್ತಿರಲಿಲ್ಲ. ಉಳ್ಳಾಗಡ್ಡಿಯ ಬುಟ್ಟಿಯ ಮೇಲೆ 'ಹಾಜಿರ್' ಎಂಬ ಪದ ಎದ್ದು ಕಾಣುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಉಳ್ಳಾಗಡ್ಡಿಗಳು ಕೋರ್ಟಿಗೆ ಬಂದು ಕೂತ ಹಾಗೆ ತೋರುತ್ತಿತ್ತು. ಹೋಗಲಿ, ಮೇಲೆ ಏನಾದರೂ ಅಂಟಿಸಿದರೆ ಮುಚ್ಚುತ್ತದೆ ಎಂದು ಸುಮ್ಮನಾದೆ.

ಅಷ್ಟರಲ್ಲಿ ನೀಲಮ್ಮನ ತಂಗಿ ಶಾಂತವ್ವನಿಗೆ ಗಂಡು ಗೊತ್ತಾಯಿತು. ಗಂಡಿನವರು ಕೋಟನೂರಿನವರು. ಹುಡುಗ ಬಲು ಸಾಧು. ಆದರೆ ಅವನ ತಂದೆ ಗುರುಪಾದಪ್ಪನವರು ಸಾಧುವಲ್ಲ. ಅವರಿಗೆ ಒಂದು ಹೊಲದ ವ್ಯಾಜ್ಯವಿತ್ತು. ಆ ಹೊಲಕ್ಕಾಗಿ ಅವರು ಅರ್ಜಿ ಕೊಟ್ಟದ್ದೂ ಅದು 'ಖಾರಿಜ್' ಎಂದು, ಅಂದರೆ ತಿರಸ್ಕೃತವಾಗಿ, ಮರಳಿ ಬಂದದ್ದೂ ಎಷ್ಟು ಸಲವೋ. ಕಚೇರಿಯ ಕಟ್ಟೆಯ ಮೇಲೆ ಕಾಯುತ್ತ ಕಾಯುತ್ತಲೇ ಅವರು ಉರ್ದು ಓದಲು ಕಲಿತಿದ್ದರು. ಹೆಣ್ಣಿನ ಅಕ್ಕನ ಗಂಡ ಕಚೇರಿಯ ಮುನ್ಶಿ ಎಂದು ತಿಳಿದಾಗ ಅವರು ನಿಶ್ಚಯದ ಚಾಪೆಯಿಂದಲೇ ಏಳಲು ಹೊರಟಿದ್ದರಂತೆ. "ಕಚೇರಿ ಮಂದಿ ಸಂಗಟ ನಂಟಸ್ತನ ಬ್ಯಾಡ್ರಿ. ಅವರು ಮದುವ್ಯಾಗೂ ತಾರೀಖು ಕೊಟ್ಟು ಮುಂದ ಹಾಕ್ತಾರ" ಎಂದರಂತೆ. ಹಿರಿಯರು ಕೈಹಿಡಿದು ಕೂಡಿಸಿದರು. ನನಗೆ ಇದರ ಸುದ್ದಿ ಮುಟ್ಟಿದಾಗ ಎದೆಯಲ್ಲಿ ಸಣ್ಣದೊಂದು ಅಳುಕು ಹುಟ್ಟಿತು. ಅವರ ಖಾರಿಜ್ ಹುಕುಮುಗಳಲ್ಲಿ ಕೆಲವನ್ನಾದರೂ ದುಂಡಗೆ ನಕಲು ಮಾಡಿದ ಕೈ ನನ್ನದೇ ಇರಬೇಕು.

ನಮ್ಮ ಮಾವನ ಮನೆಯ ಪದ್ಧತಿಯಲ್ಲಿ ಮದುಮಗನ ಹಣೆಗೆ ಕಟ್ಟುವ ಬಾಸಿಂಗವನ್ನು ಹೆಣ್ಣಿನವರೇ ತರಬೇಕು. ಮದುವೆಯ ಮಾತುಕತೆಗೆಂದು ಕಮಲಾಪುರಕ್ಕೆ ಹೋದಾಗ ನಾನು ಎದ್ದು ನಿಂತು, "ಬಾಸಿಂಗ ನಾನು ಮಾಡುತ್ತೇನೆ" ಎಂದು ಸಾರಿದೆ. ಬೀಗರ ಮನಸ್ಸು ಗೆಲ್ಲಲು ಇದಕ್ಕಿಂತ ಒಳ್ಳೆಯ ಹಾದಿ ನನಗೆ ಕಾಣಲಿಲ್ಲ. ಕಲಬುರ್ಗಿಗೆ ಬಂದು ಕೂತೆ. ಕಾಗದ, ಬಾಳೆನಾರು, ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡು, ಬೆಳ್ಳಿ ಬಣ್ಣದ ಬೇಗಡೆ, ಅಭ್ರಕದ ಪುಡಿ, ಗಾಜಿನ ಮಣಿ, ಎಲ್ಲವೂ ಒಂದಾಗಿ ಒಂದು ಬಾಸಿಂಗವಾಯಿತು. ನಡುವೆ ಶಿಖರ, ಅಕ್ಕಪಕ್ಕ ಜೋಡಿ ಗಿಳಿ. ನೀಲಮ್ಮ ಮಣಿ ಪೋಣಿಸಿದಳು, ನಾನು ಬೇಗಡೆ ಅಂಟಿಸಿದೆ. ಮುಗಿದ ಮೇಲೆ ಬಿಸಿಲಿಗೆ ಹಿಡಿದರೆ ಓಣಿಯ ಗೋಡೆಯ ಮೇಲೆಲ್ಲ ಬೆಳಕು ಕುಣಿಯಿತು. ಕಾಶೀಬಾಯಿಯೂ ಮೂಗಿನ ಸೆರಗು ತೆಗೆದು ನೋಡಿದರು. ಅದನ್ನು ಮಡಿಲಲ್ಲಿಟ್ಟುಕೊಂಡೇ ನಾವು ಎತ್ತಿನ ಗಾಡಿಯಲ್ಲಿ ಕಮಲಾಪುರಕ್ಕೆ ಹೋದೆವು.

ಅಲ್ಲಿ ಅದನ್ನು ಮೊದಲು ನೋಡಿದವನು ನೀಲಮ್ಮನ ತಮ್ಮ ರೇವಣಪ್ಪ. ಮೀಸೆ ಹುರಿಮಾಡುತ್ತ ಊರು ತಿರುಗುವ ವಯಸ್ಸು ಅವನದು. ಕೈಯಲ್ಲಿ ಎತ್ತಿ ತೂಗಿ ನೋಡಿ, "ಮಾಮಾ, ಇದು ಮದಿಮಗಗ ಕಟ್ಟೂದೋ, ಎತ್ತಿಗಿ ಕಟ್ಟೂದೋ?" ಎಂದ.

"ಗಟ್ಟಿ ಇದೆ. ನಿನ್ನ ಮೊಮ್ಮಕ್ಕಳಿಗೂ ಬರುತ್ತದೆ" ಎಂದೆ.

"ಮ್ಯಾಲೆ ಕೋಳಿ ಯಾಕ ಕುಂತಾವ?"

"ಅವು ಗಿಳಿ!"

"ಹೌದೇನು? ಬಾಣಂತಿ ಗಿಳಿ ಇರಬೇಕು" ಎಂದು ಅವನು ಒಳಗಿನಿಂದ ಇನ್ನೊಂದು ಬಾಸಿಂಗ ತಂದ. ನನ್ನ ಮೇಲೆ ನಂಬಿಕೆಯಿಲ್ಲದೆ ಅವನು ಮೊದಲೇ ಕಲಬುರ್ಗಿಯ ಬಜಾರಿನಿಂದ ಕೊಂಡು ತಂದು ಬಚ್ಚಿಟ್ಟಿದ್ದನಂತೆ. ಹಗುರವಾದ ಬೆಂಡಿನದು, ಹೂವಿನ ಹಾಗಿತ್ತು. ಸುಳ್ಳು ಏಕೆ ಹೇಳಲಿ, ಚೆಂದವಿತ್ತು. ಅತ್ತೆ ಸಂಗಮ್ಮನವರು ಎರಡನ್ನೂ ನೋಡಿದರು, ನನ್ನ ಮುಖವನ್ನೂ ನೋಡಿದರು. "ಅಳಿಯಂದ್ರು ಕಷ್ಟಪಟ್ಟು ಮಾಡ್ಯಾರ, ಇರ್ಲಿ ಬಿಡು. ದೇವರ ಮುಂದರ ಇಟ್ರಾತು" ಎಂದರು. ಮರ್ಯಾದೆಯಿಂದ ತಿರಸ್ಕರಿಸುವುದನ್ನು ನಮ್ಮ ಕಚೇರಿಯವರು ನಮ್ಮ ಅತ್ತೆಯಿಂದ ಕಲಿಯಬೇಕಿತ್ತು. ನೀಲಮ್ಮ ಮಾತ್ರ ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಟ್ಟಳು.

ಮದುವೆಯ ದಿನ ಬೆಳಿಗ್ಗೆ ಅಂಗಳದ ತುಂಬ ಹಂದರ, ಹಂದರದ ತುಂಬ ಜನ. ಗುರುಪಾದಪ್ಪನವರು ದೊಡ್ಡ ರುಮಾಲು ಸುತ್ತಿ, ತಪ್ಪು ಹುಡುಕುವವರ ಹಾಗೆ ಕೂತಿದ್ದರು. ಪಡಸಾಲೆಯ ಮಣೆಯ ಮೇಲೆ ಅಕ್ಕಿ ಹರಡಿ ಎರಡೂ ಬಾಸಿಂಗಗಳನ್ನು ಇಟ್ಟಿದ್ದರು. ಮುಂದೆ ರೇವಣಪ್ಪನದು, ಹಿಂದೆ ನನ್ನದು. ಹೆಂಗಸರೆಲ್ಲ ಬೀಗರಿಗೆ ಆರತಿ ಎತ್ತಲು ಹೊರಗೆ ಹೋಗಿದ್ದರು. ಆ ಹೊತ್ತಿಗೆ ಪಕ್ಕದವರ ಆಡು ಹಿತ್ತಲಿನಿಂದ ಒಳಗೆ ಬಂದಿತು. ಬಾಳೆಹಣ್ಣಿನ ಸಿಪ್ಪೆ ತಿನ್ನಲು ಅದು ದಿನವೂ ಬರುತ್ತಿದ್ದ ಆಡು, ಮನೆಯ ಮಗಳ ಹಾಗೆ ಸಲಿಗೆ. ಅಂದು ಸಿಪ್ಪೆ ಸಿಕ್ಕಲಿಲ್ಲ, ಬಾಸಿಂಗ ಸಿಕ್ಕಿತು. ಹಿಟ್ಟಿನ ಸರಿಯಲ್ಲಿ ಅಂಟಿಸಿದ ಬೆಂಡು, ಬಣ್ಣದ ಕಾಗದ! ರೇವಣಪ್ಪನ ಕೂಗು ಕೇಳಿ ನಾವು ಒಳಗೆ ಓಡುವಷ್ಟರಲ್ಲಿ ಅದು ಊಟ ಮುಗಿಸಿತ್ತು. ಬಾಯಿಯ ಎರಡೂ ಕಡೆ ಜರಿಯ ಎಳೆ ಜೋತುಬಿದ್ದು, ಅದೇ ಮದುಮಗನಂತೆ ಕಾಣುತ್ತಿತ್ತು. ನಮ್ಮ ಕಣ್ಣೆದುರಿಗೇ ಅದು ನನ್ನ ಬಾಸಿಂಗಕ್ಕೂ ಬಾಯಿ ಹಾಕಿತು. ಕಚ್ಚಿತು. ನಿಂತಿತು. ಮೈಲುತುತ್ತದ ರುಚಿ ನಾಲಿಗೆಗೆ ತಾಕಿರಬೇಕು, ಥೂ ಎಂದು ಉಗುಳಿ, ತಲೆ ಕೊಡವಿ, ಸೀನಿ, ನನ್ನನ್ನು ದುರುಗುಟ್ಟಿ ನೋಡಿ ಹೊರಟುಹೋಯಿತು.

"ಆಡಿಗೂ ಬ್ಯಾಡಾತು ನೋಡ್ರಿ ಮಾಮಾಂದು" ಎಂದ ರೇವಣಪ್ಪ. ಆದರೆ ಅವನ ದನಿಯಲ್ಲಿ ನಗೆಯಿರಲಿಲ್ಲ. ಹೊರಗೆ ಆಗಲೇ ಗುಜುಗುಜು ಎದ್ದಿತ್ತು. ಬಾಸಿಂಗ ಆಡಿನ ಹೊಟ್ಟೆ ಸೇರಿತೆಂದರೆ ಅಪಶಕುನ ಎಂದರು ಒಬ್ಬರು. ಗುರುಪಾದಪ್ಪನವರು ಎದ್ದು ನಿಂತು, "ನಾ ಮೊದಲ ಹೇಳಿದ್ದೆ" ಎಂದರು. ಶಾಂತವ್ವ ಬಾಗಿಲ ಸಂದಿಯಲ್ಲಿ ಸೀರೆಯ ಸೆರಗು ಕಚ್ಚಿ ಅಳು ತಡೆಯುತ್ತಿದ್ದಳು. ಮಾವ ಕಂಬಕ್ಕೊರಗಿ ಕೂತುಬಿಟ್ಟರು. ಕಲಬುರ್ಗಿಗೆ ಹೋಗಿ ಬರಲು ಹೊತ್ತಿಲ್ಲ, ಮುಹೂರ್ತ ಹತ್ತಿರ ಬಂದಿತ್ತು.

ನೀಲಮ್ಮ ಯಾರನ್ನೂ ಕೇಳಲಿಲ್ಲ. ನನ್ನ ಬಾಸಿಂಗವನ್ನು ಎತ್ತಿಕೊಂಡು, ಸೆರಗಿನಿಂದ ಒರೆಸಿ, ಮದುವೆ ಮಾಡಿಸಲು ಬಂದಿದ್ದ ಅಯ್ಯನವರ ಮುಂದೆ ಹಿಡಿದಳು. "ಅಯ್ಯಾರ, ಇದು ಆಡು ಮುಟ್ಟಿದ್ದು ಖರೇ. ನಡೀತದೋ ಇಲ್ಲೋ?"

ಅಯ್ಯನವರು ಬಿಸಿಲನ್ನು ನೋಡಿದರು, ಅಡಿಗೆಮನೆಯಿಂದ ಬರುತ್ತಿದ್ದ ಹೋಳಿಗೆಯ ವಾಸನೆಯನ್ನೂ ಗಮನಿಸಿದರು. "ವಿಭೂತಿ ಹಚ್ರಿ, ಶುದ್ಧ ಆತು. ಆಡು ತಿಂದಿದ್ರ ದೋಷ. ಉಗುಳಿದ್ರ ಏನ್ ದೋಷ?" ಎಂದು ತೀರ್ಪು ಕೊಟ್ಟರು.

ಬಾಸಿಂಗವನ್ನು ಮದುಮಗನ ಹಣೆಗೆ ಕಟ್ಟಿದರು. ಕಟ್ಟಿದೊಡನೆ ಅವನ ತಲೆ ಮುಂದಕ್ಕೆ ಬಾಗಿತು. ಎತ್ತಲು ನೋಡಿದ, ಮತ್ತೆ ಬಾಗಿತು. ಆಮೇಲೆ ಆ ಹುಡುಗ ಪ್ರಯತ್ನವನ್ನೇ ಬಿಟ್ಟು ತನ್ನ ಕಾಲಿನ ಹೆಬ್ಬೆರಳನ್ನು ನೋಡುತ್ತ ನಿಂತ. ನನ್ನ ಜೀವ ಬಾಯಿಗೆ ಬಂತು. ಆದರೆ ಹೆಂಗಸರ ಗುಂಪಿನಿಂದ ಹಿರಿಯಳೊಬ್ಬಳ ದನಿ ಕೇಳಿತು: "ಎಷ್ಟು ವಿನಯ ಅದ ನೋಡವ್ವ ಹುಡುಗಗ! ಈಗಿನ ಕಾಲದಾಗ ಯಾವ ಮದಿಮಗ ಹಿಂಗ ತಲಿ ತಗ್ಗಿಸಿ ನಿಲ್ತಾನ?" ಎಲ್ಲರೂ ಹೌದು ಹೌದು ಎಂದರು. ನನ್ನ ಉಸಿರು ಮರಳಿ ಬಂದಿತು.

ಬಂದ ಉಸಿರು ಹೆಚ್ಚು ಹೊತ್ತು ನಿಲ್ಲಲಿಲ್ಲ. ಆಡು ಕಚ್ಚಿದ ಜಾಗದಲ್ಲಿ, ಸರಿಯಾಗಿ ಹಣೆಯ ನಡುವೆ, ಬೇಗಡೆ ಕಿತ್ತುಬಂದಿತ್ತು. ಬೇಗಡೆಯ ಕೆಳಗೆ ಕಚೇರಿಯ ಕಾಗದ. ಕಾಗದದ ಮೇಲೆ ಆ ಹಟಮಾರಿ ಮಸಿ! ನಾನು ನಿಂತಲ್ಲಿಂದ ಕಪ್ಪಗೆ ಏನೋ ಬರೆದದ್ದು ಕಾಣುತ್ತಿತ್ತು, ಏನು ಬರೆದಿದೆ ಎಂದು ಕಾಣುತ್ತಿರಲಿಲ್ಲ. ನಮ್ಮ ಕಚೇರಿಯಿಂದ ಹೊರಡುವ ಹುಕುಮುಗಳಲ್ಲಿ ಬಹುಪಾಲು ಯಾವ ಪದವಿರುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮದುಮಗನ ಹಣೆಯ ಮೇಲೆ 'ಖಾರಿಜ್' ಎಂದು ಬರೆದಿದ್ದರೆ ಮದುವೆಯಷ್ಟೇ ಅಲ್ಲ, ನಾನು ಉಳಿಯುವುದೂ ಕಷ್ಟ. ಕುಂಕುಮದ ಬಟ್ಟಲು ಹಿಡಿದುಕೊಂಡು, ಹಣೆಗೆ ಹಚ್ಚುವ ನೆಪದಲ್ಲಿ ಜನರ ನಡುವೆ ನುಗ್ಗಿದೆ. ಅಷ್ಟರಲ್ಲಿ ಗುರುಪಾದಪ್ಪನವರ ಕಣ್ಣು ಅಲ್ಲಿ ಬಿದ್ದಿತ್ತು. ಅವರು ನನ್ನ ರಟ್ಟೆ ಹಿಡಿದು, "ತಡೀರಿ ಮುನ್ಶಿಯವರ" ಎಂದರು.

ಅವರು ಮಗನ ಎದುರು ಬಗ್ಗಿದರು. ಬಾಜಾದವರೂ ಏನೋ ನಡೆಯುತ್ತಿದೆ ಎಂದು ನಿಲ್ಲಿಸಿದರು. ಗುರುಪಾದಪ್ಪನವರು ಬೆರಳಿಟ್ಟು ಬಲದಿಂದ ಎಡಕ್ಕೆ, ಒಂದೊಂದೇ ಅಕ್ಷರವನ್ನು ಓನಾಮ ಕಲಿಯುವ ಹುಡುಗರ ಹಾಗೆ ಓದಿದರು. "ಮೀಮ್... ನೂನ್... ಜೋಯ್..." ಅಲ್ಲಿಗೆ ಅವರ ದನಿ ತಡೆಯಿತು. "ವಾವ್... ರೇ." ಮತ್ತೊಮ್ಮೆ ಮೊದಲಿನಿಂದ ಓದಿದರು. ಆಮೇಲೆ ನೆಟ್ಟಗೆ ನಿಂತು ಇಡೀ ಹಂದರಕ್ಕೆ ಕೇಳುವಂತೆ ಹೇಳಿದರು, "ಮಂಜೂರ್!"

ಯಾರಿಗೂ ಏನೂ ತಿಳಿಯಲಿಲ್ಲ. ಅವರ ಕಣ್ಣಲ್ಲಿ ನೀರು, ಮುಖದಲ್ಲಿ ನಗೆ. "ಮಂಜೂರ್ ಅಂತ ಬರದದ್ರಿ! ಕಚೇರಿ ಕಟ್ಟಿ ಕಾದು ಕಾದು ನನ್ನ ಕೂದಲ ಬೆಳ್ಳಗಾದ್ವು. ಖಾರಿಜ್ ಅನ್ನೋದ ಬಿಟ್ಟು ಬ್ಯಾರೆ ಅಕ್ಷರ ನೋಡಿದವ ಅಲ್ಲ ನಾ. ಇವತ್ತ ನನ್ನ ಮಗನ ಹಣಿ ಮ್ಯಾಲೆ ಸರಕಾರ ಮಂಜೂರ್ ಅಂತ ಬರದದ!" ಎಂದು ನನ್ನ ಕಡೆ ತಿರುಗಿ, "ಇದನ್ನ ಯಾರ್ ಮಾಡಿದ್ದು?" ಎಂದು ಕೇಳಿದರು.

ನಾನಿನ್ನೂ ಕುಂಕುಮದ ಬಟ್ಟಲು ಹಿಡಿದೇ ನಿಂತಿದ್ದೆ. ನೀಲಮ್ಮ ಹಿಂದಿನಿಂದ, "ನಮ್ಮನಿಯವರು ಮಾಡ್ಯಾರ್ರೀ" ಎಂದಳು. ಅವಳು ನನ್ನ ಬಗ್ಗೆ ಅಂಥ ದನಿಯಲ್ಲಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಗುರುಪಾದಪ್ಪನವರು ನನ್ನನ್ನು ತಬ್ಬಿಕೊಂಡರು. ರುಮಾಲು ಜಾರಿ ನನ್ನ ಮುಖದ ಮೇಲೆ ಬಿತ್ತು. ಬಾಜಾದವರು ಕೇಳಬೇಕೇ, ಬಾರಿಸಿದ್ದೇ ಬಾರಿಸಿದ್ದು. ಅಕ್ಷತೆ ಬಿದ್ದದ್ದು ಮದುಮಕ್ಕಳ ಮೇಲೆ ಎಷ್ಟೋ ನನ್ನ ಮೇಲೂ ಅಷ್ಟೇ. ರೇವಣಪ್ಪ ಬಂದು ನನ್ನ ಕಿವಿಯಲ್ಲಿ, "ಮಾಮಾ, ಅವು ಗಿಳೀನೇ ಬಿಡ್ರಿ. ದೂರಿಂದ ನೋಡಿದ್ರ ಗೊತ್ತಾಗ್ತದ" ಎಂದ. ಅತ್ತೆಯವರು ಸ್ವತಃ ಬಂದು ನನ್ನ ಹೋಳಿಗೆಯ ಮೇಲೆ ತುಪ್ಪ ಸುರಿದರು, ಸಾಕೆಂದರೂ ಬಿಡಲಿಲ್ಲ. ಆ ಮಧ್ಯಾಹ್ನ ಕಮಲಾಪುರದಲ್ಲಿ ನನಗಿಂತ ದೊಡ್ಡ ಮನುಷ್ಯ ಇನ್ನೊಬ್ಬನಿರಲಿಲ್ಲ. ಮದುಮಗನಂತೂ ಇರಲೇ ಇಲ್ಲ. ಅವನು ಇನ್ನೂ ತಲೆ ತಗ್ಗಿಸಿಯೇ ಕೂತಿದ್ದ.

ಗುರುಪಾದಪ್ಪನವರು ಬಾಸಿಂಗವನ್ನು ಕೋಟನೂರಿಗೆ ಒಯ್ದು ತಲೆಬಾಗಿಲ ಮೇಲೆ ತೂಗುಹಾಕಿದರು. ಬಂದವರಿಗೆಲ್ಲ ಬೇಗಡೆ ಕಿತ್ತ ಜಾಗವನ್ನು ತೋರಿಸಿದರು. ಅಲ್ಲಿಂದ ಸುದ್ದಿ ಕುಸನೂರಿಗೆ ಹೋಯಿತು, ಕುಸನೂರಿನಿಂದ ಎಲ್ಲೆಲ್ಲಿಗೋ. ಮದುವೆಯ ಕಾಲ ಬಂತೆಂದರೆ ನಮ್ಮ ಬ್ರಹ್ಮಪುರದ ಮನೆಯ ಮುಂದೆ ಗಾಡಿ ಬಂದು ನಿಲ್ಲತೊಡಗಿತು. "ನಮಗ ಮಂಜೂರ್ ಬಾಸಿಂಗೇ ಬೇಕ್ರಿ" ಎಂದು ಕೇಳುವವರು, ಅಕ್ಷರ ಹೊರಗೆ ಕಾಣಬೇಕು ಎಂದು ಹಟ ಹಿಡಿಯುವವರು! ರದ್ದಿಯಲ್ಲಿ ಮಂಜೂರಾದ ಹುಕುಮು ಹುಡುಕುವುದು ಎಷ್ಟು ಕಷ್ಟ ಎಂಬುದು ಅವರಿಗೇನು ಗೊತ್ತು? ನಾರನ್ನು ಇನ್ನೂ ಸಣ್ಣಗೆ ಸೀಳಿ, ಮುದ್ದೆ ಕಡಿಮೆ ಮಾಡಿ ಬಾಸಿಂಗವನ್ನು ಹಗುರ ಮಾಡುವುದನ್ನು ಕಲಿತೆ. ಆದರೆ ಗಂಡಿನ ಕಡೆಯವರಿಗೆ ಹಗುರದ್ದು, ಹೆಣ್ಣಿನ ಕಡೆಯವರು ಗುಟ್ಟಾಗಿ ಬಂದು ಕೇಳಿದರೆ ಭಾರದ್ದು. ಕಾಶೀಬಾಯಿ ಈಗ ನಮ್ಮ ಬಾನಿಯ ಪಕ್ಕದಲ್ಲೇ ಕೂತು ಹುಣಸೆ ಬೀಜ ಬೀಸುತ್ತಿದ್ದರು.

ಕುಸನೂರಿನ ದೊಡ್ಡ ಮನೆಯ ಒಂದು ಮದುವೆಗೆ ನನ್ನನ್ನು ಗಾಡಿ ಕಳಿಸಿ ಕರೆಸಿದರು. ಹೊಸ ಶೇರವಾನಿ ತೊಟ್ಟು ಹೋದೆ. ಇಳಿದೊಡನೆ ಮನೆಯೊಡೆಯರು ಕೈಹಿಡಿದು ನೇರ ಹಿತ್ತಲ ಕೋಣೆಗೆ ಒಯ್ದರು. ನಾನು ಮಾಡಿಕೊಟ್ಟಿದ್ದ ಬಾಸಿಂಗದ ಗಿಳಿಯ ರೆಕ್ಕೆ ಬಿಟ್ಟುಕೊಂಡಿದೆಯಂತೆ. ಶೇರವಾನಿ ಬಿಚ್ಚಿ ಗೂಟಕ್ಕೆ ಹಾಕಿ, ಮೊಣಕೈವರೆಗೆ ಅಂಟು ಮಾಡಿಕೊಂಡು ಕೂತೆ. ಹೊರಗೆ ಮೊದಲ ಪಂಕ್ತಿ ಕೂತದ್ದು, ಎದ್ದದ್ದು, ಎರಡನೆಯದು ಕೂತದ್ದು ಎಲ್ಲವೂ ಕೇಳಿಸುತ್ತಿತ್ತು. "ಕಚೇರಿಯವರು ಬಂದಾರ, ಮುಂದ ಕೂಡಸ್ರಿ, ತುಪ್ಪ ತರ್ರಿ" ಎಂದು ಯಾರೋ ಕೂಗಿದರು. ಸಂತೋಷದಿಂದ ಕತ್ತೆತ್ತಿ ನೋಡಿದೆ. ಕಿಟಕಿಯಾಚೆ ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಕಿರಿಯ ಮುನ್ಶಿ ಮಣೆಯ ಮೇಲೆ ಕೂಡುತ್ತಿದ್ದ. ಅವನು ನನ್ನತ್ತ ನೋಡಿ ಪಕ್ಕದವರನ್ನು, "ಅವರು ಯಾರ್ರೀ, ಎಲ್ಲೋ ನೋಡಿದಂಗದ" ಎಂದ. "ಅವರಾ? ಬಾಸಿಂಗದವರು" ಎಂದರು ಪಕ್ಕದವರು. ಅವನಿಗೆ ಗುರುತು ಹತ್ತಿತು. ಗಾಬರಿಯಿಂದ ಎದ್ದು ನಿಂತು, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ. ನಾನೂ ಹಿರಿಯ ಅಧಿಕಾರಿಯ ಗತ್ತಿನಿಂದ ತಿರುಗಿ ನಮಸ್ಕರಿಸಲು ಕೈ ಎತ್ತಿದೆ. ಅರ್ಧದಲ್ಲೇ ತಡೆದೆ. ನನ್ನ ಅಂಟು ಎಂಥದ್ದೆಂದು ನನಗೆ ಗೊತ್ತಿತ್ತು. ಕೈ ಜೋಡಿಸಿದ್ದರೆ ಬಿಡಿಸಲು ಬರುತ್ತಿರಲಿಲ್ಲ.